ಎಣ್ಣೆಯ ತೊಟ್ಟು ಮತ್ತು ಅದರ ನಿದಾನ



ಮಳೆಗಾಲದಲ್ಲಿ ಹಂಚಿನ ಮನೆ ಸೋರುವುದನ್ನು ನಾವೆಲ್ಲರೂ ಬಲ್ಲೆವು. ನೀರು ತೊಟ್ಟಿಕ್ಕುವುದು ನಡುಮನೆಯಲ್ಲಿ. ಹಂಚು ಒಡೆದಿರುವುದು ಮಾಡಿನ ನೆತ್ತಿಯ ಬಳಿಯಲ್ಲಿ. ಒಡಕಿನಿಂದ ಒಳಹೊಕ್ಕ ನೀರು ರೀಪಿನ ಮೇಲೆ ಹರಿದು, ಪಕಾಸಿಯ ಜಾಡನ್ನು ಹಿಡಿದು, ಗಂಟೋ ಮೊಳೆಯೋ ಅಡ್ಡಬಂದ ಕಡೆ ಕೆಳಕ್ಕೆ ಬೀಳುತ್ತದೆ. ತೊಟ್ಟು ಬಿದ್ದ ಸ್ಥಳದ ನೇರ ಮೇಲಿನ ಹಂಚನ್ನು ಬದಲಾಯಿಸಿ ನಿಶ್ಚಿಂತನಾದವನ ಮನೆ ಮುಂದಿನ ಮಳೆಯಲ್ಲಿಯೂ ಸೋರುತ್ತದೆ. ಮೋಟಾರು ಕಾರಿನ ಕೆಳಗೆ ನೆಲದ ಮೇಲೆ ಕಾಣುವ ಎಣ್ಣೆಯ ತೊಟ್ಟಿನ ವಿಷಯವೂ ಹೀಗೆಯೇ. ಅದು ಬಿದ್ದ ಸ್ಥಳವನ್ನು ಮಾತ್ರ ತಿಳಿಸುತ್ತದೆಯೇ ಹೊರತು ಹೊರಟ ಸ್ಥಳವನ್ನು ತಿಳಿಸುವುದಿಲ್ಲ.

ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಗೊತ್ತುಮಾಡುವ ಕ್ರಮಕ್ಕೆ ನಿದಾನವೆಂದು ಹೆಸರು. ನಿದಾನವಿಲ್ಲದೆ ಚಿಕಿತ್ಸೆಗೆ ಕೈಹಾಕಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಯಂತ್ರಗಳ ವಿಷಯದಲ್ಲಿ ಈ ಅವಿವೇಕಕ್ಕೆ ತೆರಬೇಕಾದ ಬೆಲೆ ಸ್ವಲ್ಪವಲ್ಲ. ಕೆಲವು ಕಾಸಿನ ರಬ್ಬರು ಉಂಗುರವೊಂದನ್ನು ಬದಲಾಯಿಸಿದರೆ ತೀರುವ ಕೆಲಸಕ್ಕೆ ಇಡೀ ಎಂಜಿನನ್ನೇ ಕಾರಿನಿಂದ ಇಳಿಸಿದವರುಂಟು. ಅದಕ್ಕೆ ವಿರುದ್ಧವಾಗಿ, ತೊಟ್ಟನ್ನು ಉದಾಸೀನ ಮಾಡಿ ಎಂಜಿನನ್ನೇ ಕಳೆದುಕೊಂಡವರೂ ಉಂಟು. ಈ ಎರಡು ತಪ್ಪುಗಳಿಂದಲೂ ಪಾರಾಗುವ ಬಗೆಯನ್ನು ಈ ಭಾಷಣದಲ್ಲಿ ವಿವರಿಸಲಾಗುವುದು. ದೃಷ್ಟಾಂತಕ್ಕಾಗಿ ಜರ್ಮನಿಯ ಪ್ರಸಿದ್ಧವಾದ ವೇಗದ ಕಾರೊಂದನ್ನು ತೆಗೆದುಕೊಳ್ಳೋಣ.

ಪೋರ್ಷೆ ಸಂಸ್ಥೆಯವರು 1963ರಲ್ಲಿ ಫ್ರಾಂಕ್‌ಫರ್ಟ್ ನಗರದ ಪ್ರದರ್ಶನದಲ್ಲಿ 901 ಎಂಬ ಹೊಸ ಕಾರನ್ನು ಜನರ ಮುಂದಿಟ್ಟರು. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳಿಗೆ ಫ್ರಾನ್ಸಿನ ಪೆಜೋ ಸಂಸ್ಥೆಯವರು ಆಕ್ಷೇಪಣೆ ಎತ್ತಿದ್ದರಿಂದ 1964ರಲ್ಲಿ ಅದಕ್ಕೆ 911 ಎಂದು ಹೆಸರಾಯಿತು. ಇದರ ಎಂಜಿನು ಹಿಂದಿನ ಚಕ್ರಗಳಿಗೂ ಹಿಂದೆ ಇರುತ್ತದೆ. ಆರು ಸಿಲಿಂಡರುಗಳು, ಬಲಕ್ಕೆ ಮೂರು, ಎಡಕ್ಕೆ ಮೂರು, ನೆಲಕ್ಕೆ ಸಮನಾಗಿ ಮಲಗಿರುತ್ತವೆ. ಮೊದಲ ಕಾರಿನ ಎರಡು ಲೀಟರಿನ ಎಂಜಿನು 130 ಅಶ್ವಶಕ್ತಿಯದು. 1975ರಲ್ಲಿ ಬಂದ ಟರ್ಬೋ ಮಾದರಿಯು 260 ಅಶ್ವಶಕ್ತಿಯದು. 1998ರವರೆಗೆ ಈ ವಂಶದ ಎಂಜಿನುಗಳನ್ನು ತಣಿಸುತ್ತಿದ್ದುದು ನೀರಲ್ಲ. ಬೀಸಣಿಗೆಯ ಗಾಳಿ ಮತ್ತು ಕೀಲೆಣ್ಣೆ. ಆ ಕಾರುಗಳಲ್ಲಿ ಅನೇಕವು ಇಂದಿಗೂ ಓಡುತ್ತಿವೆ. ಹಳೆಯವಾದಷ್ಟೂ ಅವುಗಳ ಬೆಲೆಯೂ ಏರುತ್ತಿದೆ.

ಎಣ್ಣೆಯ ಸೋರಿಕೆಯನ್ನು ತಿಳಿಯಬೇಕಾದರೆ ಮೊದಲು ಎಣ್ಣೆಯ ಸಂಚಾರವನ್ನು ತಿಳಿಯತಕ್ಕದ್ದು. ಸಾಮಾನ್ಯವಾದ ಕಾರುಗಳಲ್ಲಿ ಕೀಲೆಣ್ಣೆಯು ಎಂಜಿನಿನ ತಳದ ತೊಟ್ಟಿಯಲ್ಲಿ ನಿಂತಿರುತ್ತದೆ. ಅತಿವೇಗದಲ್ಲಿ ತಿರುವುಗಳನ್ನು ಹಾಯುವ ಕಾರಿಗೆ ಈ ಏರ್ಪಾಡು ಸಾಲದು. ಎಣ್ಣೆಯು ಒಂದು ಪಕ್ಕಕ್ಕೆ ಒತ್ತಿಹೋಗಿ ಪಂಪಿನ ಬಾಯಿಗೆ ಗಾಳಿ ಸಿಕ್ಕುವ ಸಂಭವವುಂಟು. ಆದಕಾರಣ 911ರಲ್ಲಿ ಎಣ್ಣೆಗೆ ಪ್ರತ್ಯೇಕವಾದ ಒಂದು ಟ್ಯಾಂಕು, ಬಲಗಡೆಯ ಹಿಂದಿನ ಚಕ್ರದ ಬಳಿಯಲ್ಲಿ ಇರುತ್ತದೆ. ಒಂದು ಪಂಪು ಕೆಳಗೆ ಇಳಿದ ಎಣ್ಣೆಯನ್ನು ಎತ್ತಿ ಟ್ಯಾಂಕಿಗೆ ಕಳುಹಿಸುತ್ತದೆ. ಮತ್ತೊಂದು ಪಂಪು ಟ್ಯಾಂಕಿನ ಎಣ್ಣೆಯನ್ನು ಒತ್ತಡದಿಂದ ಕೀಲುಗಳಿಗೆ ಹಂಚುತ್ತದೆ. ಇದಕ್ಕೆ ಡ್ರೈ ಸಂಪ್ ಏರ್ಪಾಡೆಂದು ಹೆಸರು. ಮಾದರಿಯನ್ನನುಸರಿಸಿ ಸುಮಾರು 9ರಿಂದ 13 ಲೀಟರುಗಳಷ್ಟು ಎಣ್ಣೆಯು ಕೊಳವೆ, ಕೂಲರು, ಟ್ಯಾಂಕುಗಳಲ್ಲಿ ಸುತ್ತುತ್ತಿರುತ್ತದೆ. ಇಷ್ಟು ಎಣ್ಣೆ, ಇಷ್ಟು ಜೋಡಣೆಗಳು! ಎರಡು ಲೋಹದ ಭಾಗಗಳು ಕೂಡುವ ಪ್ರತಿಯೊಂದು ಸಂದಿನಲ್ಲಿಯೂ ಗ್ಯಾಸ್ಕೆಟ್ಟೋ ರಬ್ಬರು ಉಂಗುರವೋ ಕಾವಲಿಗಿದೆ. ಕಾವಲುಗಾರನು ಮುಪ್ಪಾದರೆ ಎಣ್ಣೆಯು ಹೊರಕ್ಕೆ ಬರುತ್ತದೆ.

ಮುಪ್ಪಿಗೆ ಮುಖ್ಯವಾದ ಕಾರಣ ಕಾವು. ಎಂಜಿನು ಕಾದಾಗ ಲೋಹವು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಎಲ್ಲ ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಉಕ್ಕು, ಅಲ್ಯೂಮಿನಿಯಂಗಳಲ್ಲದೆ, 1968ರಿಂದ 1977ರವರೆಗಿನ ಬಹುಪಾಲು ಎಂಜಿನುಗಳ ಮುಖ್ಯ ಪೆಟ್ಟಿಗೆಯು ಹಗುರವಾದ ಮೆಗ್ನೀಸಿಯಂ ಮಿಶ್ರಲೋಹದಿಂದಾದದ್ದು. ಇವುಗಳ ನಡುವೆ ಸಿಕ್ಕಿದ ರಬ್ಬರು ಸಾವಿರಾರು ಸಲ ಹಿಂಡಿಸಿಕೊಂಡು, ಬೆಂದು, ಕೊನೆಗೆ ಕೊಂಬಿನಂತೆ ಗಟ್ಟಿಯಾಗುತ್ತದೆ. ಓಡಿಸದೆ ನಿಲ್ಲಿಸಿಟ್ಟ ಕಾರಿಗೆ ಈ ರೋಗವು ಬಾರದೆಂದು ತಿಳಿಯಕೂಡದು. ಬಹುಕಾಲ ಎಣ್ಣೆಯ ಸ್ಪರ್ಶವಿಲ್ಲದೆ ಒಣಗಿದ ಸೀಲುಗಳು ಮತ್ತೆ ಓಡಿಸತೊಡಗಿದಾಗ ಸೋರುವುದು ಸಾಮಾನ್ಯ.

ಇನ್ನು ನಿದಾನದ ಕ್ರಮಕ್ಕೆ ಬರೋಣ. ಮೊದಲನೆಯ ಪ್ರಶ್ನೆ: ಬಿದ್ದಿರುವುದು ಯಾವ ದ್ರವ? ರಾತ್ರಿ ಕಾರಿನ ಕೆಳಗೆ ಬಿಳಿಯ ಕಾಗದವನ್ನೋ ರಟ್ಟನ್ನೋ ಹಾಸಿ, ಚಕ್ರಗಳ ಸ್ಥಾನವನ್ನು ಅದರ ಮೇಲೆ ಗುರುತುಮಾಡಿ, ಬೆಳಿಗ್ಗೆ ನೋಡಬೇಕು. ಎಂಜಿನಿನ ಎಣ್ಣೆಯು ಹೊಸದಾಗಿದ್ದರೆ ಜೇನಿನ ಬಣ್ಣ, ಹಳೆಯದಾಗಿದ್ದರೆ ಕಪ್ಪು. ಗೇರು ಪೆಟ್ಟಿಗೆಯ ಎಣ್ಣೆಯು ಹೆಚ್ಚು ಮಂದ. ಬೆರಳಿನಲ್ಲಿ ತಿಕ್ಕಿ ಮೂಸಿದರೆ ಗಂಧಕದ ಘಾಟು ತಪ್ಪದೆ ತಿಳಿಯುತ್ತದೆ. ಬ್ರೇಕಿನ ದ್ರವವನ್ನು ಗುರುತಿಸಲು ಒಂದು ಸುಲಭವಾದ ಪರೀಕ್ಷೆಯುಂಟು. ಬಟ್ಟಲು ನೀರಿಗೆ ಒಂದು ತೊಟ್ಟನ್ನು ಹಾಕಿದರೆ ಎಣ್ಣೆಯು ತೇಲುತ್ತದೆ, ಬ್ರೇಕಿನ ದ್ರವವು ನೀರಿನೊಡನೆ ಬೆರೆತುಹೋಗುತ್ತದೆ. ಅದು ಬ್ರೇಕಿನ ದ್ರವವೆಂದಾದರೆ ಸರಿಪಡಿಸುವವರೆಗೆ ಕಾರನ್ನು ಕದಲಿಸಕೂಡದು. ಪೆಟ್ರೋಲಿನ ವಾಸನೆ ಬಂದರೂ ಹಾಗೆಯೇ. ತಂಪುಗಾಳಿಯ ಯಂತ್ರವಿರುವ ಕಾರಿನ ಕೆಳಗೆ ತಿಳಿನೀರು ತೊಟ್ಟಿಕ್ಕುವುದು ರೋಗವೇ ಅಲ್ಲ.

ಎರಡನೆಯ ಪ್ರಶ್ನೆ: ಸೋರುವುದು ಯಾವಾಗ? ಓಡುವಾಗ ಮಾತ್ರ ಸೋರುವುದಾದರೆ ಒತ್ತಡವಿರುವ ಕೊಳವೆ, ಕೂಲರು, ಒತ್ತಡದ ಸ್ವಿಚ್ಚು ಮೊದಲಾದವುಗಳನ್ನು ಶಂಕಿಸಬೇಕು. ಓಡಿ ನಿಂತ ಮೇಲೆ ಕೆಲವು ಗಂಟೆಗಳ ಕಾಲ ತೊಟ್ಟಿಕ್ಕಿ ನಿಲ್ಲುವುದಾದರೆ, ಮೇಲಿನಿಂದ ಇಳಿದುಬರುವ ಎಣ್ಣೆಯು ಮಡುಗಟ್ಟುವ ಮುಚ್ಚಳಗಳನ್ನೂ ಕೊಳವೆಗಳನ್ನೂ ಶಂಕಿಸಬೇಕು. ವಾರಗಟ್ಟಲೆ ನಿಂತ ಕಾರು ಸೋರಿದರೆ ಮತ್ತೊಂದು ಕಾರಣವೂ ಇರಬಹುದು. ಟ್ಯಾಂಕಿನಲ್ಲಿದ್ದ ಎಣ್ಣೆಯು ಪಂಪಿನ ಸಂದುಗಳ ಮೂಲಕ ಮೆಲ್ಲಮೆಲ್ಲನೆ ಎಂಜಿನಿನ ಪೆಟ್ಟಿಗೆಗೆ ಇಳಿದು, ಎಂದೂ ಎಣ್ಣೆ ನಿಲ್ಲಬಾರದ ಮಟ್ಟದವರೆಗೆ ತುಂಬಿಕೊಂಡಿರುತ್ತದೆ.

ಇಲ್ಲಿಯೇ ಹೊಸಬರು ಒಂದು ಬಲೆಗೆ ಬೀಳುತ್ತಾರೆ. ಬೆಳಿಗ್ಗೆ ತಣ್ಣಗಿರುವ ಕಾರಿನಲ್ಲಿ ಅಳತೆಯ ಕಡ್ಡಿಯನ್ನು ಎತ್ತಿನೋಡಿದರೆ ಟ್ಯಾಂಕು ಬರಿದಾದಂತೆ ಕಾಣಬಹುದು. ಎಣ್ಣೆಯೆಲ್ಲವೂ ಸೋರಿತೆಂದು ಹೆದರಿ ಎರಡು ಲೀಟರು ಸುರಿದರೆ, ಎಂಜಿನು ನಡೆದು ಪೆಟ್ಟಿಗೆಯ ಎಣ್ಣೆಯು ಹಿಂತಿರುಗಿದಾಗ ಟ್ಯಾಂಕು ಮಿತಿಮೀರಿ ತುಂಬುತ್ತದೆ. ಹೆಚ್ಚಾದ ಎಣ್ಣೆಯು ಉಸಿರುಗೊಳವೆಯ ಮೂಲಕ ಗಾಳಿಯ ದಾರಿಯನ್ನು ಸೇರಿ, ಹಿಂದೆ ನೀಲಿಯ ಹೊಗೆಯ ಮೋಡವೇ ಏಳುತ್ತದೆ. ಈ ಕಾರುಗಳಲ್ಲಿ ಎಣ್ಣೆಯನ್ನು ಅಳೆಯಬೇಕಾದದ್ದು ಸಮನಾದ ನೆಲದ ಮೇಲೆ, ಎಣ್ಣೆಯು ಚೆನ್ನಾಗಿ ಕಾದ ಮೇಲೆ, ಎಂಜಿನು ನಿಧಾನವಾಗಿ ನಡೆಯುತ್ತಿರುವಾಗ. ಸೋರಿಕೆ ಎಷ್ಟೆಂಬುದನ್ನು ಈ ರೀತಿಯ ಅಳತೆಯಿಂದಲ್ಲದೆ ನೆಲದ ಮೇಲಿನ ಕಲೆಯ ಅಗಲದಿಂದ ಹೇಳಲಾಗದು. ಒಂದೇ ತೊಟ್ಟು ನೆಲದ ಮೇಲೆ ಹರಡಿದರೆ ಅಂಗೈಯಗಲ ಕಾಣುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತೊಳೆಯುವುದು. ವರ್ಷಗಳ ಎಣ್ಣೆಯೂ ಧೂಳೂ ಕೂಡಿ ಮೆತ್ತಿಕೊಂಡಿರುವ ಎಂಜಿನಿನ ಮೇಲೆ ಇಂದಿನ ಸೋರಿಕೆಯನ್ನು ನಿನ್ನೆಯದರಿಂದ ಬೇರ್ಪಡಿಸಿ ನೋಡುವುದು ಯಾರಿಂದಲೂ ಆಗದು. ಎಂಜಿನು ತಣಿದ ಮೇಲೆ, ವಿದ್ಯುತ್ತಿನ ಭಾಗಗಳನ್ನೂ ಗಾಳಿಯ ದಾರಿಯನ್ನೂ ಮುಚ್ಚಿ, ಜಿಡ್ಡು ಕರಗಿಸುವ ದ್ರವವನ್ನು ಬ್ರಷ್ಷಿನಿಂದ ಹಚ್ಚಿ, ತೊಳೆದು ಒರೆಸಬೇಕು. ಕಾರನ್ನು ಎತ್ತಿದಾಗ ಬರಿಯ ಜಾಕಿಯನ್ನು ನಂಬಿ ಕೆಳಗೆ ನುಸುಳಕೂಡದು. ಭದ್ರವಾದ ಉಕ್ಕಿನ ಆಧಾರಗಳನ್ನು ಕೊಟ್ಟಿರಬೇಕು. ಇಟ್ಟಿಗೆ ಕಲ್ಲುಗಳನ್ನು ಒಡ್ಡಿ ಪ್ರಾಣ ಕಳೆದುಕೊಳ್ಳುವುದಕ್ಕಿಂತ ಎಣ್ಣೆ ಸೋರುವುದೇ ಮೇಲು. ತೊಳೆದ ಬಳಿಕ ಕಾರನ್ನು ಎಣ್ಣೆಯು ಕಾಯುವವರೆಗೆ, ಎಂದರೆ ಅರ್ಧ ಗಂಟೆಯಷ್ಟು ಓಡಿಸಿ, ನಿಲ್ಲಿಸಿ, ದೀಪವನ್ನೂ ಚಿಕ್ಕ ಕನ್ನಡಿಯನ್ನೂ ಹಿಡಿದು ನೋಡತಕ್ಕದ್ದು. ಆಗಲೂ ಕಾಣದಿದ್ದರೆ ಶಂಕೆಯಿರುವ ಭಾಗದ ಮೇಲೆ ಮೈಗೆ ಹಚ್ಚುವ ಬಿಳಿಯ ಪೌಡರನ್ನು ತೆಳುವಾಗಿ ಎರಚಬಹುದು. ಎಣ್ಣೆಯು ಹೊರಟ ಜಾಗದಲ್ಲಿ ಪೌಡರು ನೆನೆದು ಕಪ್ಪು ಗೆರೆ ಮೂಡುತ್ತದೆ. ಎಣ್ಣೆಗೆ ಬೆರೆಸುವ ಒಂದು ಬಗೆಯ ಬಣ್ಣವೂ ಉಂಟು. ಅತಿನೇರಳೆ ದೀಪದ ಮುಂದೆ ಅದು ಹಸಿರಾಗಿ ಹೊಳೆದು ಎಣ್ಣೆಯ ಜಾಡನ್ನು ಆಮೂಲಾಗ್ರವಾಗಿ ತೋರಿಸಿಬಿಡುತ್ತದೆ.

ನೋಡುವಾಗ ನೆನಪಿನಲ್ಲಿಡಬೇಕಾದ ನಿಯಮ ಒಂದೇ: ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನದನ್ನೂ ಅತ್ಯಂತ ಮುಂದಿನದನ್ನೂ ಹುಡುಕಬೇಕು. ಎಣ್ಣೆಯು ತನ್ನ ಭಾರದಿಂದ ಕೆಳಕ್ಕೆ ಇಳಿಯುತ್ತದೆ. ಓಡುವ ಕಾರಿನ ಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. 911ರಲ್ಲಿ ಇನ್ನೊಂದು ಗಾಳಿಯೂ ಇದೆ. ಎಂಜಿನಿನ ಮೇಲಿನ ದೊಡ್ಡ ಬೀಸಣಿಗೆಯು ಸಿಲಿಂಡರುಗಳ ಮೇಲಿನಿಂದ ಕೆಳಕ್ಕೆ ರಭಸವಾಗಿ ಗಾಳಿಯನ್ನು ಒತ್ತುತ್ತದೆ. ಮೇಲೆ ಕೂಲರಿನ ಬಳಿ ಜಿನುಗಿದ ಎಣ್ಣೆಯು ಈ ಗಾಳಿಗೆ ಸಿಕ್ಕಿ ಸಿಲಿಂಡರುಗಳ ರೆಕ್ಕೆಗಳ ನಡುವೆ ಚೆದರಿ, ಕೆಳಗಿನ ಭಾಗವೆಲ್ಲವೂ ಸೋರುವಂತೆ ಭ್ರಮೆ ಹುಟ್ಟಿಸುತ್ತದೆ.

ಈಗ ಸ್ಥಳಗಳನ್ನು ಒಂದೊಂದಾಗಿ ನೋಡೋಣ. ಅತಿ ಸಾಮಾನ್ಯವಾದದ್ದು ಕೆಳಗಿನ ಕವಾಟಗಳ ಮುಚ್ಚಳ. ಪ್ರತಿಯೊಂದು ಪಕ್ಕಕ್ಕೂ ಮೇಲೊಂದು ಕೆಳಗೊಂದು ಮುಚ್ಚಳವಿರುತ್ತದೆ. ಕೆಳಗಿನದು ಹೊಗೆ ಹೋಗುವ ಕವಾಟಗಳ ಕಡೆಯದಾದ್ದರಿಂದ ಅದಕ್ಕೆ ಕಾವೂ ಹೆಚ್ಚು, ಎಣ್ಣೆಯೂ ಅದರ ಮೇಲೆಯೇ ನಿಲ್ಲುತ್ತದೆ. ಗ್ಯಾಸ್ಕೆಟ್ಟು ಬದಲಾಯಿಸುವುದು ಸುಲಭ. ಆದರೆ ನಟ್ಟುಗಳನ್ನು ಬಲವಾಗಿ ಬಿಗಿದರೆ ಸೋರಿಕೆ ನಿಲ್ಲುತ್ತದೆಂಬುದು ಭ್ರಾಂತಿ. ಹೆಚ್ಚು ಬಿಗಿದರೆ ಮುಚ್ಚಳವು ಬಾಗುತ್ತದೆ, ಇಲ್ಲವೆ ಮೃದುವಾದ ಲೋಹದಲ್ಲಿನ ಮರೆಗಳು ಕಿತ್ತುಬರುತ್ತವೆ. ಚಿಕ್ಕ ರೋಗವು ದೊಡ್ಡದಾಗುತ್ತದೆ.

ಎರಡನೆಯದು, ಎಣ್ಣೆ ಹಿಂದಿರುಗುವ ಕೊಳವೆಗಳು. ಪಕ್ಕಕ್ಕೆ ಎರಡರಂತೆ ಒಟ್ಟು ನಾಲ್ಕು. ಪ್ರತಿಯೊಂದರ ಎರಡು ತುದಿಗಳಲ್ಲಿಯೂ ರಬ್ಬರು ಉಂಗುರ. ಮೂಲದ ಕೊಳವೆಯು ಒಂದೇ ತುಂಡಿನದಾದ್ದರಿಂದ ಎಂಜಿನಿನ ಭಾಗಗಳನ್ನು ಬಿಚ್ಚದೆ ಅದನ್ನು ತೆಗೆಯಲಾಗದು. ಆದರೆ ಒಂದರೊಳಗೊಂದು ಸೇರುವ ಎರಡು ತುಂಡುಗಳ ಕೊಳವೆಗಳು ದೊರೆಯುತ್ತವೆ; ಹಳೆಯದನ್ನು ಹಿಸುಕಿ ತೆಗೆದು ಹೊಸದನ್ನು ಅದೇ ಸ್ಥಳದಲ್ಲಿ ಹಿಗ್ಗಿಸಿ ಕೂಡಿಸಬಹುದು. ಇದಲ್ಲದೆ, ಕೆಲವು ಮಾದರಿಗಳಲ್ಲಿ ಎಣ್ಣೆಯನ್ನು ಬಲಗಡೆಯ ಮುಂದಿನ ಚಕ್ರದ ಬಳಿಯ ಕೂಲರಿಗೆ ಒಯ್ಯುವ ಕೊಳವೆಗಳು ಕಾರಿನ ಪಕ್ಕದುದ್ದಕ್ಕೂ ಹಾದಿರುತ್ತವೆ. ಎಂಜಿನು ಹಿಂದಿದೆಯೆಂದು ಮುಂದಿನ ಭಾಗವನ್ನು ನೋಡದೆ ಬಿಡಕೂಡದು.

ಮೂರನೆಯದು, ನಿಜವಾಗಿ ನಮ್ಮ ವಿವೇಕವನ್ನು ಪರೀಕ್ಷಿಸುವ ಸ್ಥಳ: ಎಂಜಿನೂ ಗೇರು ಪೆಟ್ಟಿಗೆಯೂ ಕೂಡುವ ಸಂದು. ಇಲ್ಲಿಂದ ಎಣ್ಣೆಯು ತೊಟ್ಟಿಕ್ಕಿದರೆ ಒಡನೆಯೇ ಹೊಳೆಯುವುದು ಫ್ಲೈವೀಲಿನ ಹಿಂದಿರುವ ದೊಡ್ಡ ಸೀಲು. ಅದನ್ನು ಮುಟ್ಟಬೇಕಾದರೆ ಎಂಜಿನು ಗೇರು ಪೆಟ್ಟಿಗೆಗಳನ್ನು ಕಾರಿನಿಂದ ಇಳಿಸಿ, ಒಂದನ್ನೊಂದು ಬೇರ್ಪಡಿಸಿ, ಕ್ಲಚ್ಚನ್ನು ಬಿಚ್ಚಬೇಕು. ದಿನಗಳ ಕೆಲಸ, ದೊಡ್ಡ ಖರ್ಚು. ಆದರೆ ಅದೇ ಸಂದಿನ ಮೇಲ್ಗಡೆ, ಎಂಜಿನಿನ ನೆತ್ತಿಯಲ್ಲಿ, ಕಣ್ಣಿಗೆ ಬೀಳದ ಇಕ್ಕಟ್ಟಿನಲ್ಲಿ ಮೂರು ಚಿಕ್ಕ ವಸ್ತುಗಳಿವೆ: ಪೆಟ್ಟಿಗೆಯ ಉಸಿರುಗಂಡಿಯ ಮುಚ್ಚಳ, ಎಣ್ಣೆಯ ಥರ್ಮೋಸ್ಟಾಟು, ಎಣ್ಣೆಯ ಒತ್ತಡವನ್ನು ತಿಳಿಸುವ ಸ್ವಿಚ್ಚು. ಇವುಗಳಲ್ಲಿ ಯಾವುದು ಜಿನುಗಿದರೂ ಎಣ್ಣೆಯು ಪೆಟ್ಟಿಗೆಯ ಮೈಮೇಲೆ ಹರಿದು ಇದೇ ಸಂದಿನಿಂದಲೇ ತೊಟ್ಟಿಕ್ಕುತ್ತದೆ. ಇವಕ್ಕೆ ಬೇಕಾದುದು ಒಂದು ಗ್ಯಾಸ್ಕೆಟ್ಟು, ಒಂದು ಉಂಗುರ, ಒಂದು ಹೊಸ ಸ್ವಿಚ್ಚು. ಎಂಜಿನನ್ನು ಸ್ವಲ್ಪ ತಗ್ಗಿಸಿದರೆ ಕೈ ತಲುಪುತ್ತದೆ.

ಈ ಎರಡನ್ನೂ ಬೇರ್ಪಡಿಸುವ ಬಗೆ ಹೇಗೆ? ಮೊದಲು ಮೂಸಿ ನೋಡಬೇಕು. ಗಂಧಕದ ಘಾಟಿದ್ದರೆ ಅದು ಗೇರು ಪೆಟ್ಟಿಗೆಯ ದಂಡದ ಸೀಲು, ಎಂಜಿನಿನದಲ್ಲ. ಎಂಜಿನಿನ ಎಣ್ಣೆಯೇ ಆದಲ್ಲಿ, ತೊಳೆದ ಬಳಿಕ ನೆತ್ತಿಯ ಭಾಗವನ್ನು ಕನ್ನಡಿಯಲ್ಲಿ ನೋಡಬೇಕು. ನೆತ್ತಿಯು ಒದ್ದೆಯಾಗಿದ್ದರೆ ಮೇಲಿನ ಮೂರನ್ನು ಸರಿಪಡಿಸುವವರೆಗೆ ಕೆಳಗಿನ ಸೀಲಿನ ಮೇಲೆ ತೀರ್ಪು ಕೊಡಕೂಡದು. ನೆತ್ತಿಯೂ ಪೆಟ್ಟಿಗೆಯ ಹೊರಮೈಯೂ ಒಣಗಿದ್ದು, ಸಂದಿನ ತಳ ಮಾತ್ರ ಒದ್ದೆಯಾಗಿದ್ದರೆ, ಅದರ ಜೊತೆಗೆ ಕ್ಲಚ್ಚು ಜಾರತೊಡಗಿದ್ದರೆ, ಆಗ ದೊಡ್ಡ ಸೀಲಿನ ಮೇಲಿನ ಆರೋಪವು ನ್ಯಾಯವಾದದ್ದು. ಅಂತಹ ಸಂದರ್ಭದಲ್ಲಿ ಎಂಜಿನನ್ನು ಇಳಿಸಿದ ಮೇಲೆ ಮೇಲಿನ ಮೂರನ್ನೂ, ಕೂಲರಿನ ಉಂಗುರಗಳನ್ನೂ ಒಟ್ಟಿಗೆ ಬದಲಾಯಿಸುವುದು ಜಾಣತನ. ಅವುಗಳಿಗಾಗಿ ಮತ್ತೊಮ್ಮೆ ಎಂಜಿನನ್ನು ಇಳಿಸುವ ಕಷ್ಟವು ತಪ್ಪುತ್ತದೆ.

ಎಲ್ಲ ಜಿನುಗನ್ನೂ ಸಮನಾಗಿ ಎಣಿಸಬೇಕಾಗಿಲ್ಲ. ಸಂದಿನ ಸುತ್ತಲೂ ಧೂಳು ಹಿಡಿದ ತೆಳುವಾದ ತೇವ ಕಂಡರೆ ಗುರುತಿಟ್ಟುಕೊಂಡು ಕಾಯಬಹುದು. ದಿನಕ್ಕೆ ಕೆಲವು ತೊಟ್ಟುಗಳಾದರೆ ಅನುಕೂಲವಾದಾಗ ಸರಿಪಡಿಸಬಹುದು. ಆದರೆ ಮಟ್ಟವನ್ನು ತಪ್ಪದೆ ಅಳೆಯುತ್ತಿರಬೇಕು. ಚಳಿಯಲ್ಲಿ ಎಂಜಿನನ್ನು ನಡೆಸಿದ ಕ್ಷಣದಲ್ಲಿ ಸ್ವಲ್ಪ ನೀಲಿಯ ಹೊಗೆ ಬಂದು ಮಾಯವಾದರೆ ಅದು ಮಲಗಿರುವ ಸಿಲಿಂಡರುಗಳಲ್ಲಿ ನಿಂತ ಎಣ್ಣೆಯದು; ಅದಕ್ಕೆ ಹೆದರಬೇಕಾಗಿಲ್ಲ.

ಆದರೆ ಮೂರು ಲಕ್ಷಣಗಳನ್ನು ಕಂಡರೆ ಕ್ಷಣವೂ ತಡೆಯಕೂಡದು. ಒಂದು, ಎಣ್ಣೆಯು ತೊಟ್ಟಾಗಿ ಬೀಳದೆ ಧಾರೆಯಾಗಿ ಹರಿಯುವುದು. ಎರಡು, ಒತ್ತಡದ ಮುಳ್ಳು ಇಳಿಯುವುದು ಅಥವಾ ಎಚ್ಚರಿಕೆಯ ದೀಪ ಹೊತ್ತುವುದು. ಆಗ ಕೀಲುಗಳು ಎಣ್ಣೆಯಿಲ್ಲದೆ ಉಜ್ಜುತ್ತಿರುತ್ತವೆ. ಮನೆಯವರೆಗೆ ಹೋಗಿಬಿಡೋಣವೆಂಬ ಆಸೆಯೇ ಎಂಜಿನಿಗೆ ಮೃತ್ಯು. ಮೂರು, ಒಳಗೆ ಕುಳಿತವರ ಮೂಗಿಗೆ ಸುಟ್ಟ ಎಣ್ಣೆಯ ವಾಸನೆ ಬರುವುದು. ಈ ಕಾರಿನಲ್ಲಿ ಚಳಿಗಾಲದ ಬಿಸಿಗಾಳಿಯು, ಹೊಗೆಗೊಳವೆಗಳನ್ನು ಸುತ್ತಿದ ಶಾಖದ ಪೆಟ್ಟಿಗೆಗಳ ಮೂಲಕ ಹಾದು ಒಳಗೆ ಬರುತ್ತದೆ. ಮುಚ್ಚಳಗಳಿಂದ ಬಿದ್ದ ಎಣ್ಣೆಯು ಅವುಗಳ ಮೇಲೆ ಬೆಂದು ಹೊಗೆಯಾಗುತ್ತದೆ. ಪೆಟ್ಟಿಗೆಯು ತುಕ್ಕು ತಿಂದು ತೂತಾಗಿದ್ದರೆ ಎಂಜಿನಿನ ವಿಷವಾಯುವೂ, ಬಣ್ಣವಿಲ್ಲದ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡೂ, ಆ ಗಾಳಿಯೊಡನೆ ಸೇರಬಹುದು. ಆ ಕ್ಷಣದಲ್ಲಿಯೇ ಬಿಸಿಗಾಳಿಯನ್ನು ಮುಚ್ಚಿ, ಕಿಟಕಿಗಳನ್ನು ತೆರೆದು, ಕಾರನ್ನು ನಿಲ್ಲಿಸಿ ಕೆಳಗಿಳಿಯಬೇಕು. ಕೀಲೆಣ್ಣೆಯು ಪೆಟ್ರೋಲಿನಂತೆ ಸುಲಭವಾಗಿ ಹೊತ್ತದಿದ್ದರೂ, ಸುಮಾರು 200 ಡಿಗ್ರಿ ಸೆಂಟಿಗ್ರೇಡಿಗೆ ಮೇಲೆ ಅದರ ಆವಿಯು ಉರಿಯಬಲ್ಲದು. ಹೊಗೆಗೊಳವೆಯ ಕಾವು ಅದಕ್ಕಿಂತ ಬಹಳ ಹೆಚ್ಚು. ಬೆಂಕಿ ಆರಿಸುವ ಸಾಧನವೊಂದು ಅಂತಹ ಕಾರಿನಲ್ಲಿ ಸದಾ ಇರತಕ್ಕದ್ದು.

ಸೀಲುಗಳನ್ನು ಉಬ್ಬಿಸಿ ಸೋರಿಕೆ ನಿಲ್ಲಿಸುವೆವೆಂದು ಮಾರುವ ಔಷಧಿಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಕೆಲವು ಕಾಲ ರೋಗವನ್ನು ಮರೆಸಬಹುದು. ಗಟ್ಟಿಯಾಗಿ ಸೀಳಿದ ಉಂಗುರವನ್ನು ಹೊಸದು ಮಾಡಲಾರವು. ಹೊರಗಿನಿಂದ ಅಂಟನ್ನು ಮೆತ್ತುವುದರಿಂದಲೂ ಪ್ರಯೋಜನವಿಲ್ಲ. ಒಳಗಿನ ಒತ್ತಡವು ಅದನ್ನು ತಳ್ಳಿಬಿಡುತ್ತದೆ, ಮುಂದೆ ಬರುವ ಮೆಕ್ಯಾನಿಕ್ಕಿಗೆ ಜಾಡು ಸಿಕ್ಕದಂತಾಗುತ್ತದೆ.

ಇಲ್ಲಿ ಹೇಳಿದ್ದು ಒಂದು ಜಾತಿಯ ಕಾರಿನ ವಿಷಯವಾದರೂ ಕ್ರಮವು ಎಲ್ಲ ಯಂತ್ರಗಳಿಗೂ ಸಲ್ಲುತ್ತದೆ. ದ್ರವವನ್ನು ಗುರುತಿಸು, ಕಾಲವನ್ನು ಗಮನಿಸು, ತೊಳೆ, ಓಡಿಸು, ಮೇಲಿನಿಂದ ನೋಡು. ಸುಲಭವಾದ ಕಾರಣಗಳೆಲ್ಲವನ್ನೂ ಪರೀಕ್ಷಿಸಿ ತಳ್ಳಿಹಾಕಿದ ಮೇಲೆ ಮಾತ್ರ ಕಠಿಣವಾದದ್ದಕ್ಕೆ ಕೈಹಾಕು. ಈ ಕೆಲಸಕ್ಕೆ ಬೇಕಾದ ಮುಖ್ಯವಾದ ಉಪಕರಣ ಸ್ಪ್ಯಾನರಲ್ಲ, ತಾಳ್ಮೆ. ಒಂದು ಸಂಜೆಯನ್ನು ತೊಳೆಯುವುದಕ್ಕೂ ನೋಡುವುದಕ್ಕೂ ವಿನಿಯೋಗಿಸಿದವನು ಅನೇಕ ಸಲ ಒಂದು ತಿಂಗಳ ದುಡಿಮೆಯನ್ನು ಉಳಿಸಿಕೊಳ್ಳುತ್ತಾನೆ. ಕೆಲವು ಸಲ ತನ್ನೊಡನೆ ಕುಳಿತವರ ಪ್ರಾಣವನ್ನೂ ಉಳಿಸುತ್ತಾನೆ.